ಏಳನೇ ನಂಬರಿನ ದೇವರು

ಸೀತಾಲಕ್ಷ್ಮಿ: ದೇವರನ್ನ ಏಳನೇ ನಂಬರಿಗೆ ಹಾಕಿದ್ದೀರಲ್ರೀ! ಸ್ಕೂಟರ್ ಆದ್ಮೇಲೆ ದೇವರಾ?

ಪಟ್ಟಾಭಿರಾಮ: ಅದು ಬರೀ ಸೀರಿಯಲ್ ನಂಬರು ಕಣೇ. ಮರ್ಯಾದೆ ನಂಬರಲ್ಲ.

ಸೀತಾಲಕ್ಷ್ಮಿ: ನಮ್ಮಣ್ಣನ ಮದುವೇಲಿ ನಿಮ್ಮನ್ನ ಮೂರನೇ ಪಂಕ್ತಿಗೆ ಕೂರಿಸಿದ್ರು ಅಂತ ಎಲೆ ಬಿಟ್ಟು ಎದ್ದು ಬಂದ್ರಲ್ಲ, ಅದು ಯಾವ ನಂಬರು?

ಪಟ್ಟಾಭಿರಾಮ: ಆ ವಿಷಯ ಬೇರೆ. ಅಲ್ಲಿ ಪಾಯಸ ಮುಗಿದುಹೋಗಿತ್ತು.

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಪೀಣ್ಯದ ಹಳೇ ಊರಿನ ಅಂಚಿನಲ್ಲಿ, ಚಿಕ್ಕಬೈರಪ್ಪನವರ ಐದು ಬಾಡಿಗೆ ಮನೆಗಳ ವಠಾರದಲ್ಲಿ, ಮೂರನೆಯ ಮನೆ. ಪಟ್ಟಾಭಿರಾಮ ಯಂತ್ರಗಳಿಗೆ ಹಲ್ಲುಚಕ್ರದ ಗೇರು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇನ್ಸ್‌ಪೆಕ್ಟರು. ಪೊಲೀಸಲ್ಲ, ತಯಾರಾದ ಗೇರುಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಪಕ್ಕಕ್ಕೆಸೆಯುವುದು ಅವನ ಕೆಲಸ. ವಾರಕ್ಕೆ ಆರು ದಿನ ತಪ್ಪು ಹುಡುಕಿ ಸಂಬಳ ತರುವ ಗಂಡಸು ಏಳನೇ ದಿನ ಮನೆಯಲ್ಲಿ ಸುಮ್ಮನೆ ಕೂತಾನೆಯೇ? ಸಾಲದ್ದಕ್ಕೆ ಹೋದ ವಾರ ಕಾರ್ಖಾನೆಯಲ್ಲಿ ಉತ್ಪಾದಕತಾ ಸಪ್ತಾಹ. ಪೇಟೆಯಿಂದ ಬಂದ ಕೋಟುಧಾರಿಯೊಬ್ಬರು ಗುರಿ, ಯೋಜನೆ, ಸಮತೋಲ ಎಂದು ಎರಡು ಗಂಟೆ ಭಾಷಣ ಮಾಡಿ, ಗೋಡಂಬಿ ತಿಂದು ಹೋಗಿದ್ದರು. ಅದರ ಫಲ ಈಗ ಬೀರುವಿನ ಬಾಗಿಲಿಗೆ ಅನ್ನದ ಗಂಜಿಯಿಂದ ಅಂಟಿಕೊಂಡಿತ್ತು. ರದ್ದಾದ ಬ್ಲೂಪ್ರಿಂಟಿನ ಹಿಂಬದಿ. ಕೆಂಪು ಶಾಯಿಯ ತಲೆಬರಹ: 'ಕುಟುಂಬದ ಪಂಚವಾರ್ಷಿಕ ಯೋಜನೆ, ೧೯೮೧ರಿಂದ ೮೬'.

ಪಟ್ಟಾಭಿರಾಮ: ಓದಿ ನೋಡು. ಒಂದು ಸೈಟು, ಎರಡು ಮನೆ, ಮೂರು ಗ್ಯಾಸು, ನಾಲ್ಕು ಎಲ್ಲೈಸಿ, ಐದು ಮಿಕ್ಸಿ, ಆರು ಸ್ಕೂಟರು, ಏಳು ದೇವರು. ಎಲ್ಲಾದಕ್ಕೂ ಜಾಗ ಇದೆ. ಇದಕ್ಕೇ ಬ್ಯಾಲೆನ್ಸ್ ಅನ್ನೋದು. ಗ್ರೈಂಡಿಂಗ್ ವೀಲು ಬ್ಯಾಲೆನ್ಸ್ ತಪ್ಪಿದ್ರೆ ಏನಾಗುತ್ತೆ ಗೊತ್ತಾ? ಸಿಡಿದು ಮುಖಕ್ಕೇ ಹೊಡೆಯುತ್ತೆ. ಸಂಸಾರನೂ ಅಷ್ಟೇ ಅಂದ್ರು ಭಾಷಣದಲ್ಲಿ.

ಸೀತಾಲಕ್ಷ್ಮಿ: ದೇವರಿಗೆ ತಿಂಗಳಿಗೆ ಎಷ್ಟು ಇಟ್ಟಿದ್ದೀರಿ?

ಪಟ್ಟಾಭಿರಾಮ: ಮೂರೂವರೆ ರೂಪಾಯಿ.

ಸೀತಾಲಕ್ಷ್ಮಿ: ಕ್ಷೌರಕ್ಕೆ?

ಪಟ್ಟಾಭಿರಾಮ: ಅದು ಇತರೆ ಖರ್ಚಲ್ಲಿ ಬರುತ್ತೆ. ನಾಲ್ಕು. ಮೀಸೆ ಟ್ರಿಮ್ಮೂ ಸೇರಿ.

ಸೀತಾಲಕ್ಷ್ಮಿ: ದೇವರಿಗಿಂತ ಮೀಸೆಗೆ ಎಂಟಾಣೆ ಜಾಸ್ತಿ!

ಪಟ್ಟಾಭಿರಾಮ: ಮೀಸೆ ಸುದ್ದಿಗೆ ಬರಬೇಡ ಸೀತಾ. ಹದಿನೆಂಟು ವರ್ಷದಿಂದ ಸಾಕಿದ್ದೀನಿ.

ಬೇರೆ ದಿನವಾಗಿದ್ದರೆ ಅವಳು ಇದಕ್ಕೆ ನಾಲ್ಕು ಮಾತು ಸೇರಿಸುತ್ತಿದ್ದಳು. ಇವತ್ತು ಯಾಕೋ ಮುಖ ತಿರುಗಿಸಿ, ಮೊರದಲ್ಲಿದ್ದ ಸಂಡಿಗೆಯ ಮೇಲಿನ ಮಸಿ ಊದತೊಡಗಿದಳು. ಎದುರಿನ ಫೌಂಡ್ರಿ ಶುರುವಾದಾಗಿನಿಂದ ಈ ವಠಾರದಲ್ಲಿ ಬಿಳಿ ಸಂಡಿಗೆ ಒಣಗಿದ್ದಿಲ್ಲ.

ಪಟ್ಟಾಭಿರಾಮ: ಅದಿರಲಿ, ಅಸಲು ವಿಷಯಕ್ಕೆ ಬಾ. ನಾಳೆ ಸಾಯಂಕಾಲ ಐದರೊಳಗೆ ಹೌಸಿಂಗ್ ಸೊಸೈಟಿಗೆ ಸಾವಿರದೈನೂರು ಕಟ್ಟಬೇಕು. ಇರೋದು ಸಾವಿರದ ಇನ್ನೂರ ಎಪ್ಪತ್ತೈದು. ಕಟ್ಟಲಿಲ್ಲ ಅಂದ್ರೆ ನಮ್ಮ ಸೈಟು ಸ್ಟೋರ್ಸ್ ನಾಣಿ ಪಾಲು. ವೇಟಿಂಗ್ ಲಿಸ್ಟಲ್ಲಿ ಅವನದೇ ಮೊದಲನೇ ಹೆಸರು. ನಿನ್ನೆ ಕ್ಯಾಂಟೀನಲ್ಲಿ ನನ್ನ ನೋಡಿ ನಗ್ತಿದ್ದ.

ಸೀತಾಲಕ್ಷ್ಮಿ: ಯಾರ ಹತ್ರನಾದ್ರೂ ಕೈಗಡ ಕೇಳಿ.

ಪಟ್ಟಾಭಿರಾಮ: ಇವತ್ತು ತಾರೀಕು ಇಪ್ಪತ್ತೆರಡು. ಈ ತಾರೀಕಲ್ಲಿ ಪೀಣ್ಯದಲ್ಲಿ ಎಲ್ಲರೂ ಕೇಳೋರೇ, ಕೊಡೋರು ಯಾರಿದ್ದಾರೆ? ಸೀತಾ, ಆ ಚೊಂಬಲ್ಲಿ ಎಷ್ಟಿರಬಹುದು?

ದೇವರ ಗೂಡಿನಲ್ಲಿ, ತಿರುಪತಿ ವೆಂಕಟರಮಣನ ಪಟದ ಕೆಳಗೆ, ಬಾಯಿಗೆ ಅರಿಶಿನದ ಬಟ್ಟೆ ಕಟ್ಟಿದ ತಾಮ್ರದ ಚೊಂಬು. ಒಳಗೆ ಸೀತಾಲಕ್ಷ್ಮಿಯ ಮುಡಿಪು. ಒಂದೊಂದು ಹರಕೆ ಹೊತ್ತಾಗಲೂ ಅರಿಶಿನದ ಬಟ್ಟೆಯ ಚೂರಿನಲ್ಲಿ ಒಂದು ರೂಪಾಯಿ ಗಂಟು ಕಟ್ಟಿ ಹಾಕುವುದು, ಆಮೇಲೆ ಮನೆಖರ್ಚಿನಲ್ಲಿ ಉಳಿಸಿದ್ದನ್ನೆಲ್ಲ ಅದರ ಮೇಲೆ ಸೇರಿಸುತ್ತ ಹೋಗುವುದು, ಅವಳ ಪದ್ಧತಿ. ಅವಳು ಮೊರ ಬಿಟ್ಟು ಬಂದು ಚೊಂಬಿಗೆ ಅಡ್ಡ ನಿಂತಳು.

ಸೀತಾಲಕ್ಷ್ಮಿ: ಅದು ಸ್ವಾಮಿದು. ಕಣ್ಣೆತ್ತಿ ನೋಡಬೇಡಿ.

ಪಟ್ಟಾಭಿರಾಮ: ಕದಿಯೋಲ್ಲ ಕಣೇ, ಸಾಲ! ಒಂದನೇ ತಾರೀಕು ವಾಪಸ್ ಹಾಕ್ತೀನಿ. ಬೇಕಾದ್ರೆ ಬಡ್ಡಿ ಸೇರಿಸಿ.

ಸೀತಾಲಕ್ಷ್ಮಿ: ತನ್ನ ಮದುವೆಗೆ ಕುಬೇರನ ಹತ್ರ ಸಾಲ ಮಾಡಿ ಇನ್ನೂ ಬಡ್ಡಿ ತೀರಿಸ್ತಾ ನಿಂತಿದ್ದಾನೆ ಆ ಸ್ವಾಮಿ. ಅವನ ಹತ್ರ ಸಾಲ ಕೇಳೋಕೆ ನಿಮಗೆ ನಾಚಿಕೆ ಆಗೋಲ್ವಾ?

ಪಟ್ಟಾಭಿರಾಮ: ದೇವರು ವರ ಕೊಟ್ರೂ ಪೂಜಾರಿ ಕೊಡ ಅನ್ನೋದು ನಿನ್ನ ನೋಡೇ ಹೇಳಿರಬೇಕು. ಸ್ವಂತ ತಾರಸಿ ಮೇಲೆ ಮಸಿ ಬೀಳದ ಸಂಡಿಗೆ ಒಣಗಿಸಬೇಕು ಅಂತ ಒಂಬತ್ತು ವರ್ಷದಿಂದ ಬಡ್ಕೊಳ್ತಿದ್ದೀಯಲ್ಲ, ಸೈಟು ನಿನಗೆ ಬೇಡ್ವಾ?

ಸೀತಾಲಕ್ಷ್ಮಿ: ಬೇಕು. ಬೇಕು ಅಂತಲೇ ಆ ಮುಡಿಪು ಕಟ್ಟಿರೋದು. ಸೈಟಿಗೆ ಅಂತ ಹೇಳ್ಕೊಂಡ ದುಡ್ಡನ್ನ ಸೈಟಿಗೇ ಕಟ್ಟಿದ್ರೆ ಸ್ವಾಮಿಗೆ ಏನು ಕೊಡೋದು? ನಿಮ್ಮ ಮೂರೂವರೆ ರೂಪಾಯಿನಾ?

ಪಟ್ಟಾಭಿರಾಮ ಪೆನ್ನಿನ ಮುಚ್ಚಳ ತೆಗೆದ. ಸೋಲುವ ಲಕ್ಷಣ ಕಂಡಾಗಲೆಲ್ಲ ಅವನು ಪಟ್ಟಿ ಮಾಡುವುದು ವಾಡಿಕೆ.

ಪಟ್ಟಾಭಿರಾಮ: ಸರಿ. ಯೋಜನೆ ಅಂದ್ಮೇಲೆ ಬಾಕಿನೂ ಬರೀಬೇಕು. ಯಾವ್ಯಾವ ದೇವರಿಗೆ ಏನೇನು ಬಾಕಿ ಇಟ್ಟಿದ್ದೀಯ, ಹೇಳು.

ಸೀತಾಲಕ್ಷ್ಮಿ: ಬೇಡ ಬಿಡಿ.

ಪಟ್ಟಾಭಿರಾಮ: ಹೇಳು ಅಂದ್ರೆ!

ಸೀತಾಲಕ್ಷ್ಮಿ: ನಿಮ್ಮ ಕೆಲಸ ಪರ್ಮನೆಂಟಾಗಲಿ ಅಂತ ಘಾಟಿ ಸುಬ್ರಹ್ಮಣ್ಯನಿಗೆ ಉರುಳುಸೇವೆ.

ಪಟ್ಟಾಭಿರಾಮ: ಬರ್ಕೊಂಡೆ. ಪಾಪ, ಆ ಕಲ್ಲುಚಪ್ಪಡಿ ಮೇಲೆ ಹೇಗೆ ಉರುಳ್ತೀಯೆ?

ಸೀತಾಲಕ್ಷ್ಮಿ: ನಾನಲ್ಲ.

ಪಟ್ಟಾಭಿರಾಮ: ಮತ್ತೆ?

ಸೀತಾಲಕ್ಷ್ಮಿ: ಪರ್ಮನೆಂಟಾದದ್ದು ಯಾರು? ಕಾರ್ಖಾನೆ ಲಾಕೌಟ್ ತೆಗೀಲಿ ಅಂತ ಶಿವಗಂಗೆ ಬೆಟ್ಟ ಬರಿಗಾಲಲ್ಲಿ ಹತ್ತೋದು. ಅದೂ ನೀವೇ.

ಪಟ್ಟಾಭಿರಾಮ: ಲಾಕೌಟ್ ಆಗಿದ್ದು ಆರುನೂರು ಜನಕ್ಕೆ. ನಾನೊಬ್ಬನೇ ಹತ್ತಬೇಕಾ?

ಸೀತಾಲಕ್ಷ್ಮಿ: ಮಿಕ್ಕೋರಿಗೆ ಅವರವರ ಹೆಂಡ್ತೀರು ಹೇಳ್ಕೊಂಡಿರ್ತಾರೆ. ಆಮೇಲೆ ನಿಮ್ಮ ಕಿಡ್ನಿ ಕಲ್ಲು ಕರಗಲಿ ಅಂತ ಧರ್ಮಸ್ಥಳದಲ್ಲಿ ತುಲಾಭಾರ. ನಿಮ್ಮ ತೂಕದಷ್ಟು ಬೆಲ್ಲ. ಆಗ ನೀವು ಐವತ್ನಾಲ್ಕು ಕೇಜಿ ಇದ್ರಿ. ಈಗ ಅರವತ್ತೊಂಬತ್ತು.

ಪಟ್ಟಾಭಿರಾಮ: ಅಯ್ಯೋ ದೇವ್ರೇ! ಅಸಲಿನ ಮೇಲೆ ಹದಿನೈದು ಕೇಜಿ ಬಡ್ಡಿ!

ಸೀತಾಲಕ್ಷ್ಮಿ: ಅದಕ್ಕೇ ಒಂದು ವರ್ಷದಿಂದ ರಾತ್ರಿ ನಿಮಗೆ ಒಂದು ಸೌಟು ಅನ್ನ ಕಮ್ಮಿ ಬಡಿಸ್ತಿರೋದು.

ಪಟ್ಟಾಭಿರಾಮ: ರೇಷನ್ ಅಕ್ಕಿ ಸಾಲದು ಅಂದಿದ್ದೆ ನೀನು!

ಸೀತಾಲಕ್ಷ್ಮಿ: ಸಾಲದು ಅಂದದ್ದೇನೋ ನಿಜ. ಅಕ್ಕಿ ಸಾಲುತ್ತೆ, ಬೆಲ್ಲ ಸಾಲೋಲ್ಲ.

ಪಟ್ಟಾಭಿರಾಮ: ಮುಗೀತಾ?

ಸೀತಾಲಕ್ಷ್ಮಿ: ಕೊನೇದು ಒಂದಿದೆ. ಸೊಸೈಟಿ ಲಿಸ್ಟಲ್ಲಿ ನಿಮ್ಮ ಹೆಸರು ಬಂದ್ರೆ ತಿರುಪತೀಲಿ ಮುಡಿ ಕೊಡಿಸ್ತೀನಿ ಅಂತ.

ಪಟ್ಟಾಭಿರಾಮ: ಯಾರ ಮುಡಿ?

ಅವಳು ಅವನ ತಲೆಯನ್ನೊಮ್ಮೆ ನೋಡಿದಳು. ಆಮೇಲೆ ಕಣ್ಣು ಮೆಲ್ಲಗೆ ಕೆಳಗಿಳಿದು ಮೂಗಿನ ಕೆಳಗೆ ನಿಂತಿತು.

ಪಟ್ಟಾಭಿರಾಮ: ಮೀಸೆನಾ? ಮೀಸೆನೂ ಸೇರಿಸಿದ್ಯಾ?

ಸೀತಾಲಕ್ಷ್ಮಿ: ಸ್ವಾಮಿ ಹತ್ರ ಚೌಕಾಸಿ ಮಾಡೋಕಾಗುತ್ತಾ?

ಪಟ್ಟಾಭಿರಾಮ: ನಿನ್ನ ಜಡೆ ಕೊಡ್ತೀನಿ ಅನ್ನಬಹುದಿತ್ತಲ್ಲ!

ಸೀತಾಲಕ್ಷ್ಮಿ: ನನ್ನದು ಐದು ತಿಂಗಳಲ್ಲಿ ಬೆಳೆಯುತ್ತಾ? ನಿಮ್ಮ ಮೀಸೆ ಯುಗಾದಿಗೆ ಕೊಟ್ರೆ ಗೌರಿ ಹಬ್ಬಕ್ಕೆ ಬಂದಿರುತ್ತೆ. ನಾನೂ ಲೆಕ್ಕ ಹಾಕೇ ಯೋಜನೆ ಮಾಡಿರೋದು. ನಿಮ್ಮ ಪಟ್ಟಿ ಮೇಲ್ಗಡೆ ಬರೆದಿದ್ದೀರಲ್ಲ, 'ಈವರೆಗಿನ ಸಾಧನೆ: ಪರ್ಮನೆಂಟ್, ಪ್ರಮೋಷನ್, ಸೊಸೈಟಿ ಸದಸ್ಯತ್ವ. ಸ್ವಂತ ಪರಿಶ್ರಮದಿಂದ' ಅಂತ. ಯಾರ ಪರಿಶ್ರಮ?

ಪಟ್ಟಾಭಿರಾಮ: ನೋಡು ಸೀತಾ, ಇದಕ್ಕೇ ನಾನು ಹೇಳೋದು. ಭಕ್ತಿ ಇರಬೇಕು, ಬೇಡ ಅನ್ನೋಲ್ಲ. ಆದ್ರೆ ಹೀಗೆ ಹೆದರಿದಾಗೆಲ್ಲ ದೇವರಿಗೆ ಮಾತು ಕೊಡೋದು ಬುದ್ಧಿವಂತರ ಲಕ್ಷಣ ಅಲ್ಲ. ನಾನು ಜನ್ಮದಲ್ಲಿ ಒಂದು ಹರಕೆ ಹೊತ್ತೋನಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಮನೆಯ ಮಾಲೀಕ ಚಿಕ್ಕಬೈರಪ್ಪ. ಈಗ ಫೌಂಡ್ರಿ ಇರುವ ಕಡೆ ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದವರು; ಭೂಮಿ ಹೋದ ಪರಿಹಾರದಲ್ಲಿ ಈ ಐದು ಮನೆ ಕಟ್ಟಿಸಿದ್ದರು. ಹೆಗಲ ಮೇಲಿನ ಟವೆಲ್ಲಿನಿಂದ ಜಗಲಿ ಒರೆಸಿ ಕೂತರು. ಪಟ್ಟಾಭಿರಾಮನ ಮುಖ ಅವರನ್ನು ಕಂಡದ್ದೇ ಬಿಳಿಚಿಕೊಂಡಿತು.

ಚಿಕ್ಕಬೈರಪ್ಪ: ಏನ್ ಸಾಮಿ, ಆ ಬಾಕಿ ಇಸ್ಯ ಏನ್ ಮಾಡುದ್ರಿ? ಮೂರ್ ವರ್ಸ ಆಯ್ತಾ ಬಂತು.

ಸೀತಾಲಕ್ಷ್ಮಿ: ಬಾಕಿನಾ? ಒಂದನೇ ತಾರೀಕೇ ಬಾಡಿಗೆ ಕೊಟ್ಟಿದ್ದೀವಲ್ಲ ಬೈರಪ್ಪನೋರೇ?

ಚಿಕ್ಕಬೈರಪ್ಪ: ಬಾಡ್ಗೆ ಅಲ್ಲ ಬುಡಿ ಅಮ್ಮಾವ್ರೇ. ಇದು ಬ್ಯಾರೆ.

ಪಟ್ಟಾಭಿರಾಮ: ಸೀತಾ, ಕಾಫಿ ಮಾಡು.

ಸೀತಾಲಕ್ಷ್ಮಿ: ಹಾಲು ಒಡೆದಿದೆ. ನೀವು ಹೇಳಿ ಬೈರಪ್ಪನೋರೇ, ಏನು ಬೇರೆ?

ಚಿಕ್ಕಬೈರಪ್ಪ: ಸಾಮ್ಯೋರು ಏಳಿಲ್ವಾ? ಎಣ್ಣಿಗ್ ಮಾತ್ ಕೊಟ್ಟು ಇಂಗೆ ದಿನ ತಳ್ಬಾರ್ದು. ಅದ್ರಲ್ಲೂ ಅವ್ಳು ಬಲೇ ಕ್ವಾಪಿಷ್ಟೆ.

ಸೀತಾಲಕ್ಷ್ಮಿ: ಹೆಣ್ಣಾ?

ಪಟ್ಟಾಭಿರಾಮ: ಕಾಫಿ ಬೇಡ ಅಂದ್ರೆ ಮಜ್ಜಿಗೆ ಆದ್ರೂ ಕೊಡೇ!

ಚಿಕ್ಕಬೈರಪ್ಪ: ಬೆಳ್ಳಿ ಕೊಡ್ತೀನಿ ಅಂತ ಒಪ್ಕಂಡವ್ರೆ. ನಾನೇ ಸಾಕ್ಸಿ. ಬೆಳಗಿನ್ ಜಾವ, ಕೋಳಿ ಕೂಗೋ ಒತ್ನಲ್ಲಿ, ಒದ್ದೆ ಪಂಚೇಲಿ ಬಂದು ಅವ್ಳ್ ಬಾಗಿಲ್ ಮುಂದೆ ನಿಂತಿದ್ರು. ಕಣ್ಣಲ್ಲಿ ನೀರು.

ಸೀತಾಲಕ್ಷ್ಮಿ: ಅವಳ ಬಾಗಿಲ ಮುಂದೆ! ಒದ್ದೆ ಪಂಚೇಲಿ! ನನಗೊಂದು ಬೆಳ್ಳಿ ಕುಂಕುಮದ ಭರಣಿ ತನ್ನಿ ಅಂದ್ರೆ ಮುಂದಿನ ಯೋಜನೇಲಿ ನೋಡೋಣ ಅಂತೀರಿ! ಎಲ್ಲಿರ್ತಾಳೆ ಆ ಮಹಾರಾಯ್ತಿ?

ಚಿಕ್ಕಬೈರಪ್ಪ: ಎಲ್ಲಂದ್ರೆ, ಅದೇ ಕೆರೆ ಏರಿ ಮ್ಯಾಲೆ, ಬೇವಿನ್ ಮರದ್ ಕೆಳಗೆ.

ಸೀತಾಲಕ್ಷ್ಮಿ: ಮರದ ಕೆಳಗಾ?

ಚಿಕ್ಕಬೈರಪ್ಪ: ಊಂ ಕಣಮ್ಮ. ಈಗ ಗುಡಿ ಕಟ್ಟಿ ಮ್ಯಾಲೆ ತಗಡಿನ್ ಸೀಟ್ ಒದ್ಸಿದೀವಿ. ನಮ್ಮ ಮಾರಮ್ಮ.

ಪಟ್ಟಾಭಿರಾಮ ಬೀರುವಿನ ಮೇಲಿನ ತನ್ನ ಯೋಜನೆಯ ಮೂಲೆಯನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದ.

ಸೀತಾಲಕ್ಷ್ಮಿ: ರೀ. ಜನ್ಮದಲ್ಲಿ ಒಂದು ಹರಕೆ ಹೊತ್ತೋನಲ್ಲ ಅಂದ್ರಿ.

ಪಟ್ಟಾಭಿರಾಮ: ನಿನಗೆ ಕಾಮಾಲೆ ಆಗಿತ್ತಲ್ಲ ಆಗ, ಆಸ್ಪತ್ರೇಲಿ. ಡಾಕ್ಟರು ಇನ್ನೆರಡು ದಿನ ನೋಡೋಣ ಅಂದ್ರು. ನನಗೆ ಕೈಕಾಲು ಆಡಲಿಲ್ಲ ಸೀತಾ. ತಿರುಪತಿ ದೂರ, ಧರ್ಮಸ್ಥಳ ದೂರ. ಆ ಹೊತ್ತಲ್ಲಿ ಬಸ್ಸೂ ಇರಲಿಲ್ಲ. ಹತ್ತಿರ ಇದ್ದೋಳು ಅವಳೊಬ್ಬಳೇ. ನಿನ್ನ ಉಳಿಸಿಕೊಟ್ರೆ ಬೆಳ್ಳಿ ಕಣ್ಣು ಮಾಡಿಸ್ತೀನಿ ಅಂದೆ.

ಚಿಕ್ಕಬೈರಪ್ಪ: ಸಂಕಟ ಬಂದಾಗ ಯೆಂಕಟ್ರಮಣ ಅಂತಾರೆ. ಇವ್ರು ಮಾರಮ್ಮ ಅಂದ್ರು, ಅಷ್ಟೇಯ.

ಸೀತಾಲಕ್ಷ್ಮಿಯ ಕಣ್ಣು ತುಂಬಿತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಗಂಡ ಅವಳಿಗೆ ಪ್ರೀತಿಯ ಮಾತೊಂದನ್ನು ಆಡಿದ್ದು ಅವಳಿಗೆ ನೆನಪಿಲ್ಲ; ಇಡ್ಲಿಯ ದಪ್ಪ ಎರಡು ಮಿಲಿಮೀಟರು ಕಮ್ಮಿ ಎಂದದ್ದು ನೆನಪಿದೆ. ಆ ಮನುಷ್ಯ ಕತ್ತಲಲ್ಲಿ, ಒದ್ದೆ ಪಂಚೆಯಲ್ಲಿ, ಬೇವಿನ ಮರದ ಕೆಳಗೆ ಅತ್ತಿದ್ದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟಾದರೂ ಹೆಂಡತಿ, ಒರೆಸಿಕೊಂಡ ಕೂಡಲೇ ವಿಚಾರಣೆ ಮುಂದುವರಿಸಿದಳು.

ಸೀತಾಲಕ್ಷ್ಮಿ: ಮೂರು ವರ್ಷದಿಂದ ಯಾಕೆ ತೀರಿಸಿಲ್ಲ?

ಪಟ್ಟಾಭಿರಾಮ: ದುಡ್ಡು ಎರಡು ವರ್ಷದ ಹಿಂದೇ ರೆಡಿ ಇದೆ.

ಸೀತಾಲಕ್ಷ್ಮಿ: ಎಲ್ಲಿ?

ಅವನು ಅಟ್ಟದಿಂದ ಒಂದು ಮರದ ಪೆಟ್ಟಿಗೆ ಇಳಿಸಿದ. ಗೇರು ಅಳೆಯುವ ಹಳೇ ವರ್ನಿಯರಿನ ಪೆಟ್ಟಿಗೆ. ವರ್ನಿಯರಿನ ಅಡಿಯಲ್ಲಿ, ಓವರ್‌ಟೈಮಿನ ದುಡ್ಡು, ನೀಟಾಗಿ ಮಡಿಸಿದ ನೂರ ಅರವತ್ತು ರೂಪಾಯಿ.

ಸೀತಾಲಕ್ಷ್ಮಿ: ಆಹಾ! ನಿಮ್ಮ ಮಾರಮ್ಮನ ದುಡ್ಡು ಪೆಟ್ಟಿಗೇಲಿ ಭದ್ರ. ಬೆಳಿಗ್ಗೆಯಿಂದ ನನ್ನ ಸ್ವಾಮಿ ಚೊಂಬಿಗೆ ಕೈ ಹಾಕ್ತಿದ್ದೀರಿ!

ಪಟ್ಟಾಭಿರಾಮ: ಇದನ್ನ ಮುಟ್ಟೋಕೆ ಧೈರ್ಯ ಬರಲಿಲ್ಲ ಕಣೇ.

ಸೀತಾಲಕ್ಷ್ಮಿ: ಇಷ್ಟು ದುಡ್ಡಿದ್ರೂ ಕಣ್ಣು ಯಾಕೆ ಮಾಡಿಸಲಿಲ್ಲ?

ಚಿಕ್ಕಬೈರಪ್ಪ: ಅದು ಇನ್ನೊಂದ್ ಐತಲ್ಲ ಅಮ್ಮಾವ್ರೇ, ಅದುಕ್ಕೇಯ. ತಂಬಿಟ್ಟಿನಾರತಿ. ತಾಯಿಗೆ ಕಣ್ಣು ಇಡೋ ದಿನ ಮನೇವ್ರು ತಲೆ ಮ್ಯಾಲೆ ಒತ್ಕಂಡು, ಬರಿಗಾಲಲ್ಲಿ, ತಮಟೆ ಇಂದೆ ನಡ್ಕಂಡು ಬರ್ತಾರೆ ಅಂತ ಏಳವ್ರೆ.

ಸೀತಾಲಕ್ಷ್ಮಿ: ಯಾರು, ನಾನಾ? ಕಾರ್ಖಾನೆಯವರೆಲ್ಲ ಓಡಾಡೋ ರಸ್ತೇಲಿ, ತಮಟೆ ಹಿಂದೆ? ನನ್ನ ಕೇಳದೆ ನನ್ನ ತಲೆ ಮೇಲೆ ಹೊರಿಸಿದ್ರಾ?

ಪಟ್ಟಾಭಿರಾಮ: ನನ್ನ ಮೀಸೆ ನಿನ್ನದಾದ್ರೆ ನಿನ್ನ ತಲೆ ನನ್ನದಲ್ವಾ? ಇದನ್ನ ನಿನಗೆ ಹೇಳೋಕೆ ಹೆದರಿಯೇ ಮೂರು ವರ್ಷ ತಳ್ಳಿದ್ದು.

ಸೀತಾಲಕ್ಷ್ಮಿ: ನನಗೆ ತಂಬಿಟ್ಟು ಮಾಡೋಕೂ ಬರೋಲ್ಲ.

ಚಿಕ್ಕಬೈರಪ್ಪ: ನಮ್ಮನೇವ್ಳು ಚಿಕ್ಕಮುನಿಯಮ್ಮ ಅವ್ಳಲ್ಲ, ಮಾಡ್ಕೊಡ್ತಾಳೆ. ಅದ್ಸರಿ, ಬೆಳಿಗ್ಗಿಂದ ಈ ಪಾಟಿ ಗಲಾಟೆ ಯಾಕೆ? ಐದ್ನೇ ಮನೆಗಂಟ ಕೇಳುಸ್ತಿತ್ತು.

ಪಟ್ಟಾಭಿರಾಮ ಸೊಸೈಟಿ, ನಾಳೆ ಐದು ಗಂಟೆ, ಇನ್ನೂರ ಇಪ್ಪತ್ತೈದು ರೂಪಾಯಿ, ಸ್ಟೋರ್ಸ್ ನಾಣಿಯ ನಗು, ಎಲ್ಲವನ್ನೂ ಹೇಳಿದ. ಕೇಳುತ್ತ ಕೇಳುತ್ತ ಚಿಕ್ಕಬೈರಪ್ಪನವರ ಮುಖ ಸಪ್ಪಗಾಯಿತು.

ಚಿಕ್ಕಬೈರಪ್ಪ: ಅಂಗಾದ್ರೆ ನೀವು ಮನೆ ಬುಟ್ಟು ಓಗ್ತೀರಾ?

ಪಟ್ಟಾಭಿರಾಮ: ಸೈಟು ಸಿಕ್ಕಿದ್ರೆ ಮನೆ ಕಟ್ಟಿ ಹೋಗಲೇಬೇಕಲ್ಲ.

ಚಿಕ್ಕಬೈರಪ್ಪ: ಅದೆಂಗೆ ಓಗ್ತೀರಿ? ನಾನು ಮಾರಮ್ಮನ್ಗೆ ಏಳ್ಕಂಡಿವ್ನಿ!

ಸೀತಾಲಕ್ಷ್ಮಿ: ನೀವೂನಾ? ಏನಂತ?

ಚಿಕ್ಕಬೈರಪ್ಪ: ನಿಮ್ಗಿಂತ ಮುಂಚೆ ಇದ್ದೋರು ಐದ್ ಜನ ಬ್ಯಾಚುಲರ್‌ಗಳು. ನಲ್ಲಿ ಕಿತ್ತಾಕಿ, ಗ್ವಾಡೆಗೆಲ್ಲ ಮೊಳೆ ವಡ್ದು, ರಾತ್ರೋರಾತ್ರಿ ಓಡೋದ್ರು. ನೀವು ಬಂದ್ಮ್ಯಾಲೆ ಒಂದ್ನೇ ತಾರೀಕು ಅಂದ್ರೆ ಒಂದ್ನೇ ತಾರೀಕು ಬಾಡ್ಗೆ. ಇಂತೋರು ಮನೆ ಬುಡದಂಗೆ ನೋಡ್ಕೊ ತಾಯಿ, ಇನ್ನೂ ಅತ್ತು ವರ್ಸ ಇವ್ರೇ ಇದ್ಬುಟ್ರೆ ಒಂದು ಉಂಜ ಕೊಡ್ತೀನಿ ಅಂದಿವ್ನಿ.

ಪಟ್ಟಾಭಿರಾಮ: ಅಯ್ಯೋ ಶಿವನೇ! ಇವಳು ಸೈಟು ಕೊಡು ಅಂತ ತಿರುಪತೀಲಿ, ನೀವು ಕೊಡಬೇಡ ಅಂತ ಕೆರೆ ಏರಿ ಮೇಲೆ! ಅದಕ್ಕೇ ನೋಡು ಸೀತಾ, ಹೆಸರು ಬಂತು, ದುಡ್ಡು ಬರಲಿಲ್ಲ! ದೇವರು ದೇವರ ನಡುವೇನೇ ಫೈಲು ಸಿಕ್ಕಿಹಾಕಿಕೊಂಡಿದೆ!

ಚಿಕ್ಕಬೈರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿದರು.

ಚಿಕ್ಕಬೈರಪ್ಪ: ಎಲ್ಲಿ ಬತ್ತದೆ ಸೈಟು?

ಪಟ್ಟಾಭಿರಾಮ: ಮಾಕಳಿ ಆಚೆ. ಮೂವತ್ತು ನಲವತ್ತು.

ಚಿಕ್ಕಬೈರಪ್ಪ: ಸೊಸೈಟಿ ಸೈಟು ಅಂದ್ರಲ್ಲ? ಕಲ್ಲು ನೆಟ್ಟವ್ರಾ?

ಪಟ್ಟಾಭಿರಾಮ: ಇನ್ನೂ ಇಲ್ಲ. ಲೇಔಟ್ ಪ್ಲಾನು ಪಾಸಾಗಬೇಕಂತೆ.

ಚಿಕ್ಕಬೈರಪ್ಪ: ರಸ್ತೆ?

ಪಟ್ಟಾಭಿರಾಮ: ಪ್ಲಾನು ಪಾಸಾದ ಮೇಲೆ.

ಚಿಕ್ಕಬೈರಪ್ಪ: ನೀರು, ಕರೆಂಟು?

ಪಟ್ಟಾಭಿರಾಮ: ರಸ್ತೆ ಆದ ಮೇಲೆ.

ಚಿಕ್ಕಬೈರಪ್ಪನವರ ಮುಖ ಅರಳುತ್ತ ಬಂದು, ಕೊನೆಗೆ ವೀಳ್ಯದೆಲೆಯಿಂದ ಕೆಂಪಾದ ಹಲ್ಲೆಲ್ಲ ಕಾಣಿಸಿದವು.

ಚಿಕ್ಕಬೈರಪ್ಪ: ನಮ್ಮ ಬಾಮೈದ ಲಕ್ಷ್ಮಣಪ್ಪ ಇಂತದೇ ಒಂದು ಸೊಸೈಟಿಗೆ ಕಟ್ಟಿ ಒಂಬತ್ತು ವರ್ಸ. ಅವ್ನ ಸೈಟಲ್ಲಿ ಇನ್ನೂ ಉರುಳಿ ಬೆಳೀತಾವ್ರೆ. ಅಂಗಾದ್ರೆ ನಮ್ಮ ತಾಯಿ ಮೋಸ ಮಾಡಿಲ್ಲ ಬುಡಿ! ಸೈಟೂ ನಿಮ್ದೇ, ಅತ್ತು ವರ್ಸ ಬಾಡ್ಗೇನೂ ನನ್ದೇ. ತಡೀರಿ, ನಿಮ್ ಅಡ್ವಾನ್ಸು ಐನೂರು ನನ್ತಾವ ಐತಲ್ಲ, ಅದ್ರಲ್ಲೇ ಇನ್ನೂರಿಪ್ಪತ್ತೈದು ಈಗ್ಲೇ ತರ್ತೀನಿ. ಬ್ಯಾಗ ಕಟ್ಬುಡಿ ಸಾಮಿ, ಆ ನಾಣಿ ಕೈಗೆ ಓಗ್ಬಾರ್ದು.

ಅವರು ಹುಂಜದ ರೇಟು ಲೆಕ್ಕ ಹಾಕುತ್ತ ಹೊರಟುಹೋದರು. ಪಟ್ಟಾಭಿರಾಮ ಸಂತೋಷಪಡಬೇಕೋ ಬೇಡವೋ ತಿಳಿಯದೆ ಬೀರುವಿನ ಮುಂದೆ ನಿಂತ. ಯೋಜನೆಯ ಎರಡನೇ ನಂಬರಿನ ಮನೆ 'ಗುರಿ: ೧೯೮೩' ಎಂದು ಕೆಂಪು ಶಾಯಿಯಲ್ಲಿ ಹೊಳೆಯುತ್ತಿತ್ತು. ಅದನ್ನು ಹೊಡೆದುಹಾಕಿ ೧೯೯೧ ಎಂದು ಬರೆದ. ಏಳನೇ ನಂಬರನ್ನೂ ಹೊಡೆದು, ಅಲ್ಲಿಂದ ಒಂದು ಬಾಣ ಎಳೆದು ಪಟ್ಟಿಯ ನೆತ್ತಿಗೆ ತಂದು ನಿಲ್ಲಿಸಿದ.

ಪಟ್ಟಾಭಿರಾಮ: ತಗೋ, ದೇವರು ಒಂದನೇ ನಂಬರು. ಈಗ ಸಮಾಧಾನನಾ?

ಸೀತಾಲಕ್ಷ್ಮಿ: ಮೊದಲು ಬೆಳ್ಳಿ ಕಣ್ಣು. ನಾನು ಆರತಿ ಹೊರ್ತೀನಿ. ತಮಟೆ ಹಿಂದೆನೇ ಹೊರ್ತೀನಿ. ನಾಣಿ ಹೆಂಡ್ತಿ ನೋಡಿದ್ರೂ ಪರವಾಗಿಲ್ಲ.

ಪಟ್ಟಾಭಿರಾಮ: ನಾನೂ ಮೀಸೆ ಕೊಡ್ತೀನಿ ಬಿಡು. ಆದ್ರೆ ಒಂದು ಒಪ್ಪಂದ. ಇನ್ಮೇಲೆ ಒಬ್ಬರಿಗೊಬ್ಬರು ಹೇಳದೆ, ಒಬ್ಬರ ಹೆಸರಲ್ಲಿ ಇನ್ನೊಬ್ಬರು ಹರಕೆ ಹೊರಬಾರದು. ಹಳೇದು ತೀರೋವರೆಗೂ ಹೊಸದು ಬೇಡ. ಒಪ್ಪಿಗೆನಾ?

ಸೀತಾಲಕ್ಷ್ಮಿ: ಒಪ್ಪಿಗೆ. ದೇವರಾಣೆ.

ಅವನು ನೆಮ್ಮದಿಯಿಂದ ಪೆನ್ನಿನ ಮುಚ್ಚಳ ಹಾಕಿದ. ಅಷ್ಟರಲ್ಲಿ ಒಳಗಿನಿಂದ ಬಟ್ಟೆ ಹರಿದ ಸದ್ದು ಬಂತು. ಇಣುಕಿ ನೋಡಿದರೆ ಸೀತಾಲಕ್ಷ್ಮಿ ಬಟ್ಟೆಯ ಚೂರೊಂದನ್ನು ಅರಿಶಿನದ ನೀರಿನಲ್ಲಿ ಅದ್ದಿ, ಅದರಲ್ಲಿ ಒಂದು ರೂಪಾಯಿ ಇಟ್ಟು ಗಂಟು ಹಾಕುತ್ತಿದ್ದಳು.

ಪಟ್ಟಾಭಿರಾಮ: ಇದೇನೇ ಇದು! ಈಗ ತಾನೇ ಆಣೆ ಇಟ್ಟೆಯಲ್ಲ!

ಸೀತಾಲಕ್ಷ್ಮಿ: ಅದಕ್ಕೇ ರೀ. ನಾವಿಬ್ಬರೂ ಇನ್ಮೇಲೆ ಹೊಸ ಹರಕೆ ಹೊರದೇ ಇರೋ ಹಾಗೆ ಬುದ್ಧಿ ಕೊಡಪ್ಪ, ನೂರೊಂದು ತೆಂಗಿನಕಾಯಿ ಒಡೆಸ್ತೀನಿ ಅಂತ ಹೇಳ್ಕೊಂಡೆ.

ಪಟ್ಟಾಭಿರಾಮ: ಒಡೆಯೋದು ಯಾರು?

ಸೀತಾಲಕ್ಷ್ಮಿ: ನಿಮಗೆ ಹೇಳಿಯೇ ಹೊರ್ತಿದ್ದೀನಲ್ಲ, ಒಪ್ಪಂದ ಅಂದ್ರೆ ಒಪ್ಪಂದ. ನೀವೇ.